ಅಟ್ಟಕ್ಕೆ ಹಾಕಿದ ಭಯ

4 ನವೆಂಬರ್ 2007, ಭಾನುವಾರ

ಇವತ್ತು: 8.

ಹತ್ತಕ್ಕೆ ಎಂಟು. ಇನ್ನು ಮೇಲೆ ಬೆಳಗ್ಗೆ ಎದ್ದ ಕೂಡಲೇ ನನ್ನ ಹೆದರಿಕೆಗೆ ನಾನೇ ಅಂಕ ಕೊಟ್ಟು ಇಲ್ಲಿ ಬರೆಯುವುದು ಎಂದು ತೀರ್ಮಾನಿಸಿದ್ದೇನೆ. ಮಾರ್ಚ್ 14ಕ್ಕೆ ಮೈಸೂರಿನಲ್ಲಿ ಸೆಮಿನಾರು. ಪ್ರಬಂಧ ಸಲ್ಲಿಸುವುದಕ್ಕೆ ಮುಂಚಿನ ಕೊನೆಯ ಸೆಮಿನಾರು. ಅದನ್ನು ಕೊಡದಿದ್ದರೆ ಪಿಎಚ್.ಡಿ. ನೋಂದಣಿ ರದ್ದು. ಗೈಡು ಯಮುನಾ ಮೇಡಂ ಪತ್ರದಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಅವರು ಕೆಂಪು ಪೆನ್ನು ತೆಗೆದರೆಂದರೆ ಮಾತು ಮುಗಿಯಿತು.

ಬೇರೆಲ್ಲೂ ಹೇಳದ್ದನ್ನು ಇಲ್ಲಾದರೂ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಅದೇ ವಿಭಾಗದಲ್ಲಿ ಮೊದಲ ಸೆಮಿನಾರಿಗೆ ನಿಂತಿದ್ದೆ. ಮೂರನೇ ಸ್ಲೈಡಿಗೆ ಗಂಟಲು ಕಟ್ಟಿತು, ಕಣ್ಣು ಮಂಜಾಯಿತು, ಜೀವ ಬಾಯಿಗೆ ಬಂತು. 'ಒಂದು ನಿಮಿಷ' ಎಂದು ಹೊರಗೆ ಬಂದವಳು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ ನಮ್ಮೂರು ತಿಪಟೂರಿನ ದಾರಿ ಹಿಡಿದೆ. ಇಷ್ಟಕ್ಕೂ ನಾನು ಸಂಶೋಧನೆ ಮಾಡುತ್ತಿರುವ ವಿಷಯ ಏನು? ಆತಂಕದ ಕಾಯಿಲೆಗಳು! ನಗುವವರು ನಗಲಿ. ಈ ಪುಸ್ತಕ ಬೀರುವಿನಲ್ಲಿರುತ್ತದೆ, ಕೀಲಿ ನನ್ನ ಹತ್ತಿರ.

ಮನೆಯಲ್ಲಿ 'ಫೀಲ್ಡ್ ವರ್ಕು' ಎಂದು ಹೇಳಿದ್ದೇನೆ. ಅಪ್ಪ ತಮ್ಮ ಕೊಬ್ಬರಿ ಮಂಡಿಗೆ ಬಂದವರಿಗೆಲ್ಲ "ನಮ್ ಸೌಂದರ್ಯ ಜನದ ತಲೆ ಒಳಗಿಂದು ಓದ್ತಾಳೆ ಕಣ್ರೀ" ಎಂದು ಹೇಳಿಕೊಂಡು ಬೀಗುತ್ತಾರೆ. ಪಾಪ.

ಯೋಜನೆ ಇದು. ಇಲ್ಲೇ ಹತ್ತಿರದ ಕಿಬ್ಬನಹಳ್ಳಿಯಲ್ಲಿ ಆರು ಜನರ ಗುಂಪು, ಭಾನುವಾರಕ್ಕೊಮ್ಮೆ, ಎಂಟು ವಾರ. ಸ್ವೀಕಾರದ ಚಿಕಿತ್ಸೆ. ಅಂದರೆ ಭಯವನ್ನು ಓಡಿಸಲು ಹೋಗದೆ, ಅದನ್ನು ಇರಗೊಟ್ಟು, ಬದುಕಿನಲ್ಲಿ ಬೇಕಾದ್ದನ್ನು ಮಾಡುವುದು. ಅವರಿಗೆ ನಾನು ಇದನ್ನು ಕಲಿಸುತ್ತೇನೆ. ಅಷ್ಟರೊಳಗೆ ನನ್ನ ಅಂಕ ಸೊನ್ನೆಗೆ ಇಳಿಯಬೇಕು. ಇಳಿಸುತ್ತೇನೆ. ನೋಡೇಬಿಡೋಣ.

18 ನವೆಂಬರ್, ಭಾನುವಾರ

ಇವತ್ತು: 8. (ಮಧ್ಯಾಹ್ನ 9.)

ಗುಂಪು ಶುರುವಾಯಿತು. ಹಾಲಿನ ಸಂಘದ ಕೋಣೆ, ಎರಡು ಚಾಪೆ, ಆರು ಜನ, ಹುಳಿತ ಹಾಲಿನ ವಾಸನೆ. ಹೇಳಬೇಕಾದ್ದನ್ನೆಲ್ಲ ಬರೆದುಕೊಂಡು ಹೋಗಿದ್ದೆ. ಹಾಳೆಯಿಂದ ಕಣ್ಣೆತ್ತಲಿಲ್ಲ.

"ಕಳೆದ ಎರಡು ವಾರಗಳಲ್ಲಿ ತಾವು ಅನುಭವಿಸಿದ ಆತಂಕದ ತೀವ್ರತೆ ಎಷ್ಟು?" ಎಂದು ಪ್ರಶ್ನಾವಳಿ ಓದಿದೆ. ಮೂಲೆಯಲ್ಲಿದ್ದ ಹೆಂಗಸು ಪಕ್ಕದವಳಿಗೆ ಪಿಸುಗುಟ್ಟಿದ್ದು ಕೇಳಿಸಿತು. "ಏನಂತೆ, ಕರೆಂಟಾಫೀಸಿಂದ ಬಂದವ್ರಾ?"

ಅವರೇ ಹೊಂಬಾಳಮ್ಮ. ಐವತ್ತನಾಲ್ಕು ವರ್ಷ. ಗಂಡ ತೀರಿಕೊಂಡು ಹತ್ತು ವರ್ಷ, ಅರವತ್ತು ತೆಂಗಿನ ಮರವನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಕಾಯಿ ಸುಲಿಯುವುದಕ್ಕೂ ಆಳು ಕರೆಯುವುದಿಲ್ಲ. ಆದರೆ ಮೂರು ವರ್ಷದಿಂದ ಬಸ್ಸು ಹತ್ತಿಲ್ಲ. ತುರುವೇಕೆರೆಯಲ್ಲಿರುವ ಮಗಳ ಮನೆಗೆ ಹೋಗುವಾಗ ಬಸ್ಸಿನಲ್ಲಿ ಎದೆ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಸತ್ತೇಹೋದೆ ಅಂದುಕೊಂಡರಂತೆ. ಜನ ಇಳಿಸಿ ಹುಣಸೆ ಮರದ ಕೆಳಗೆ ಮಲಗಿಸಿದರಂತೆ. ಅವತ್ತಿನಿಂದ ಬಸ್ಸಿಲ್ಲ, ಆಟೋ ಇಲ್ಲ, ಕಾರಿಲ್ಲ. ಮಗಳು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗಲೂ ಹೋಗಲಿಲ್ಲ. ಅಳಿಯ ಮಾತು ಬಿಟ್ಟ. ಮಗಳು, "ನೀನು ನನ್ನ ಹೊಸಿಲು ತುಳಿದ ದಿವ್ಸವೇ ನಾನು ನಿನ್ನ ಹೊಸಿಲು ತುಳಿಯೋದು" ಎಂದವಳು ಎರಡು ವರ್ಷವಾದರೂ ಬಂದಿಲ್ಲ.

"ಹಟದಲ್ಲಿ ನನ್ನ ಮಗಳೇ" ಎಂದು ಹೊಂಬಾಳಮ್ಮ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಇನ್ನೊಬ್ಬರು ಸಣ್ಣತಿಮ್ಮಯ್ಯ, ನಿವೃತ್ತ ಮೇಷ್ಟ್ರು. ಎದೆ ಸ್ವಲ್ಪ ಜೋರಾಗಿ ಬಡಿದರೆ ಹಾರ್ಟ್ ಅಟ್ಯಾಕ್ ಎಂದು ತಿಪಟೂರಿಗೆ ಓಡುತ್ತಾರೆ. ಏಳು ಸಲ ಇಸಿಜಿ ತೆಗೆಸಿದ್ದಾರೆ, ಏಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಊಟದ ಪಂಕ್ತಿಯಲ್ಲೇ ಎದೆ ನಿಂತುಬಿಟ್ಟರೆ ಎಂದು ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಉಳಿದ ನಾಲ್ವರದೂ ಇಂಥವೇ.

ಪ್ರಶ್ನಾವಳಿಯನ್ನು ಮೊದಲಿನಿಂದ ಬರೆಯಬೇಕು. ಇಲ್ಲಿ ಯಾರಿಗೂ 'ಆತಂಕ' ಆಗುವುದಿಲ್ಲ. ಎದೆ ಡವಡವ ಅನ್ನುತ್ತದೆ, ಜೀವ ಹಾರುತ್ತದೆ.

2 ಡಿಸೆಂಬರ್, ಭಾನುವಾರ

ಇವತ್ತು: 7. ಇಳಿಯುತ್ತಿದೆ!

ಭಲೇ ಸೌಂದರ್ಯ. ಇವತ್ತು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತೇನೆ.

ಪುಸ್ತಕದಲ್ಲಿರುವ ಉದಾಹರಣೆಗಳೆಲ್ಲ ಪರದೇಶದವು. ಕಳೆದ ವಾರ ಅವನ್ನು ಹೇಳಿದರೆ ಆರೂ ಜನ ಸಾಲಾಗಿ ಆಕಳಿಸಿದರು. ಈ ಸೀಮೆಯವರಿಗೆ ಈ ಸೀಮೆಯದೇ ಹೇಳಬೇಕು ಎಂದು ವಾರವೆಲ್ಲ ತಲೆ ಕೆಡಿಸಿಕೊಂಡೆ. ಹೊಳೆಯಿತು. ಅಟ್ಟದ ಕಾಯಿ! ನಮ್ಮ ಕಡೆ ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರಲ್ಲ. ಅದು ಮೇಲಿರುತ್ತದೆ, ಮನೆಯವರು ಕೆಳಗೆ ತಮ್ಮ ಪಾಡಿಗೆ ಅಡುಗೆ, ಊಟ, ಸಂಸಾರ ಮಾಡಿಕೊಂಡಿರುತ್ತಾರೆ.

"ನಿಮ್ಮ ಭಯಾನೂ ಹಾಗೇ ಇರಲಿ ಬಿಡಿ" ಎಂದೆ. "ಅದರ ಜೊತೆ ಗುದ್ದಾಡಬೇಡಿ. ಅಟ್ಟದ ಮೇಲೆ ಕಾಯಿ ಇದ್ದಹಾಗೆ ಇರಲಿ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ."

ಆರೂ ಮುಖ ಒಟ್ಟಿಗೆ ಅರಳಿದವು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೊಂಬಾಳಮ್ಮ, "ಇದು ಮಾತು ಅಂದ್ರೆ! ಇಷ್ಟು ದಿವ್ಸ ಏನೇನೋ ಒದರ್ತಿದ್ಯಲ್ಲ ಮಗಾ" ಎಂದರು. ಬೈದದ್ದೋ ಹೊಗಳಿದ್ದೋ, ನನಗಂತೂ ಖುಷಿಯಾಯಿತು. ಪ್ರತಿಯೊಬ್ಬರಿಗೂ ಮನೆಗೆಲಸ ಕೊಟ್ಟಿದ್ದೇನೆ. ಹೊಂಬಾಳಮ್ಮ ಬಸ್ ಸ್ಟಾಪಿನವರೆಗೆ ಹೋಗಿ ಹತ್ತು ನಿಮಿಷ ನಿಲ್ಲಬೇಕು. ಮೇಷ್ಟ್ರು ಇಸಿಜಿ ಕವರು ಬಿಟ್ಟು ಕೆರೆ ಏರಿಯವರೆಗೆ ನಡೆಯಬೇಕು.

16 ಡಿಸೆಂಬರ್, ಭಾನುವಾರ

ಇವತ್ತು: 6.

ಕರ್ಮ! ಕರ್ಮ!

ಎರಡು ವಾರದಿಂದ ಒಬ್ಬರೂ ಒಂದು ಹೆಜ್ಜೆ ಇಟ್ಟಿಲ್ಲ. ಕಳೆದ ವಾರ "ನೋಡೋಣ", "ಆಗ್ಲಿ" ಎಂದು ಜಾರಿಕೊಂಡಿದ್ದರು. ಇವತ್ತು ಬಿಡದೆ ಹಿಡಿದು ಕೇಳಿದೆ.

"ಮೇಷ್ಟ್ರೇ, ಏರಿವರೆಗೆ ನಡೆದ್ರಾ?"

"ಇಲ್ಲ ಮೇಡಂ. ತಾವೇ ಅಪ್ಪಣೆ ಕೊಡಿಸಿದಿರಲ್ಲ, ಅಟ್ಟಕ್ಕೆ ಹಾಕು ಅಂತ. ಹಾಕಿದೀನಿ. ಒಣಗಲಿ."

"ಒಣಗೋದಾ?"

"ಇನ್ನೂ ಹದಿನೈದು ದಿವ್ಸ ಆಗಿದೆ ಅಷ್ಟೇ ಮೇಡಂ. ಲೆಕ್ಕ ಹಾಕಿದೀನಿ. ಬರೋ ದೀಪಾವಳಿ ಹೊತ್ತಿಗೆ ಪೂರಾ ಒಣಗಿ ಗಿಟಕಾಗುತ್ತೆ. ಆಮೇಲೆ ನಡೀತೀನಿ, ಎಲ್ಲಿಗೆ ಬೇಕಾದ್ರೂ."

ಹೊಂಬಾಳಮ್ಮನ ಕಡೆ ನೋಡಿದೆ. "ನಂದೂ ಅಷ್ಟೇ ಕಣವ್ವ. ಬಸ್ ಸ್ಟಾಪ್ ಕಡೆ ತಲೆ ಹಾಕಿ ಮಲಗಿಲ್ಲ. ಹಸೀ ಕಾಯಿ ಮುಟ್ಟಬಾರ್ದು. ಒಣಗ್ಲಿ, ಆಮೇಲೆ ಮಗಳ ಮನೆಗೆ ಹೋಯ್ತೀನಿ."

ಆರೂ ಜನ! ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಆರೂ ಜನ ಇದನ್ನೇ ಅರ್ಥ ಮಾಡಿಕೊಂಡಿದ್ದಾರೆ. ಅಟ್ಟಕ್ಕೆ ಹಾಕುವುದು ಅಂದರೆ ಈ ಸೀಮೆಯಲ್ಲಿ ಸುಮ್ಮನೆ ಇರಗೊಡುವುದಲ್ಲ. ನೀರೆಲ್ಲ ಆರಿ, ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು ಬರುವವರೆಗೆ ಕಾಯುವುದು, ಬಂದಮೇಲೆ ಸುಲಿದು ಮಾರಿ ಕೈ ತೊಳೆದುಕೊಳ್ಳುವುದು. ಕೊಬ್ಬರಿ ಮಂಡಿಯವರ ಮಗಳಾಗಿ ನನಗಿದು ತಿಳಿಯಲಿಲ್ಲವಲ್ಲ. ನಾನು ಕಂಡಿರುವುದು ಚೀಲಕ್ಕೆ ತುಂಬಿದ ಕೊಬ್ಬರಿಯನ್ನು. ಒಂದು ದಿನವೂ ಅಟ್ಟ ಹತ್ತಿದವಳಲ್ಲ.

ಎಂಥ ಜನ! ಭಯ ಒಣಗುವವರೆಗೆ ಕಾಯುವುದೇ ಇವರ ರೋಗ. ಅದಕ್ಕೆ ಮದ್ದು ಕೊಡಲು ಹೋದರೆ ಮದ್ದನ್ನೂ ರೋಗಕ್ಕೇ ಬೆರೆಸಿಕೊಂಡರು. ಕೆಲಸ ಮೊದಲಿನಿಂದ ಶುರು. ಎಂಟು ವಾರ ಹನ್ನೆರಡಾದರೂ ಸರಿ, ಬಿಡುವವಳಲ್ಲ.

19 ಡಿಸೆಂಬರ್, ಬುಧವಾರ

ಇವತ್ತು: 6.

ಯಮುನಾ ಮೇಡಂ ಮನೆಗೆ ಮೂರು ಸಲ ಫೋನ್ ಮಾಡಿದ್ದಾರೆ. ಅಮ್ಮನಿಗೆ 'ಸ್ನಾನಕ್ಕೆ ಹೋಗಿದಾಳೆ ಅನ್ನು' ಎಂದೆ. "ದಿನಕ್ಕೆ ಮೂರು ಸಲ ಸ್ನಾನ ಮಾಡೋ ಮಗಳನ್ನ ಹೆತ್ತಿದೀನಾ ನಾನು?" ಎಂದು ಅಮ್ಮ ಗದರಿದರು. ಅಂಕ 2ಕ್ಕೆ ಇಳಿಯಲಿ, ನಾನೇ ಮಾಡುತ್ತೇನೆ. ಈ ಸ್ಥಿತಿಯಲ್ಲಿ ಮಾತಾಡಿದರೆ ಧ್ವನಿಯಲ್ಲೇ ಗೊತ್ತಾಗಿಬಿಡುತ್ತದೆ.

23 ಡಿಸೆಂಬರ್, ಭಾನುವಾರ

ಇವತ್ತು: 6. ಒಂದು ವಾರದಿಂದ ಆರಕ್ಕೇ ಅಂಟಿಕೊಂಡಿದೆ, ದರಿದ್ರದ್ದು.

ಗುಂಪಿಗೆ ಇಬ್ಬರೇ ಬಂದಿದ್ದರು. ಬೇಗ ಮುಗಿಯಿತು. ಹೊಂಬಾಳಮ್ಮ ನನ್ನ ಮುಖ ನೋಡಿ, "ಬಾರವ್ವ, ಒಂದು ಲೋಟ ಮಜ್ಜಿಗೆ ಕುಡ್ಕೊಂಡು ಹೋಗು" ಎಂದು ಮನೆಗೆ ಕರೆದುಕೊಂಡು ಹೋದರು. ರಂಗಪ್ಪನ ಅಂಗಡಿಯ ಪಕ್ಕದ ಮನೆ. ಊರಿಗೆಲ್ಲ ಫೋನು ಬರುವುದು ಆ ಅಂಗಡಿಯ ಕಾಯಿನ್ ಬೂತಿಗೇ.

ಮಜ್ಜಿಗೆ ಕುಡಿಯುವಾಗ, "ನೀನು ಅಟ್ಟ ನೋಡಿದೀಯಾ?" ಎಂದರು. ಇಲ್ಲ ಎಂದೆ. ಅವರು ನಕ್ಕ ನಗೆಗೆ ಹಟ್ಟಿಯ ಎಮ್ಮೆ ತಿರುಗಿ ನೋಡಿತು. "ಅಟ್ಟ ನೋಡ್ದೇ ಇರೋಳು ಅಟ್ಟದ ಪಾಠ ಮಾಡಿದ್ಲು! ಹತ್ತು ಹತ್ತು."

ಬಿದಿರೇಣಿ. ನಾಲ್ಕನೇ ಮೆಟ್ಟಿಲಿಗೆ ನನ್ನ ಕಾಲು ನಡುಗಿತು. ಇಳಿಯುತ್ತೇನೆ ಎಂದೆ. "ನಡುಗಿದ್ರೆ ನಡುಗ್ಲಿ ಬುಡು, ಕೈ ಗಟ್ಟಿ ಹಿಡ್ಕೋ" ಎಂದು ಕೆಳಗಿನಿಂದ ನೂಕಿದರು. ಮೇಲೆ ಅರೆಗತ್ತಲು, ಹೊಗೆಯ ವಾಸನೆ, ಸೂರು ಮುಟ್ಟುವವರೆಗೂ ಕಾಯಿ. ಅಡ್ಡ ಹಾಕಿದ ತೊಲೆಯ ಮೇಲೆ ಇಬ್ಬರೂ ಕೂತೆವು. ಅವರು ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಎಲ್ಲದರಲ್ಲೂ ನೀರಿನ ಸದ್ದು.

"ನಿಂಗೆ ಏನು ಭಯ?" ಎಂದರು.

"ನನಗಾ? ಏನಿಲ್ಲ."

"ಸುಳ್ಳು ಹೇಳ್ಬ್ಯಾಡ. ಹಾಳೆ ನೋಡ್ಕೊಂಡು ಮಾತಾಡ್ತೀಯ. ನಮ್ಮ ಮಕ ನೋಡಲ್ಲ."

ಎಲ್ಲ ಹೇಳಿಬಿಟ್ಟೆ. ಸೆಮಿನಾರು, ಮೂರನೇ ಸ್ಲೈಡು, ಬಸ್ ಸ್ಟ್ಯಾಂಡು, ಮಾರ್ಚ್ 14, ದಿನಾ ಬೆಳಗ್ಗೆ ಅಂಕ ಹಾಕುವುದು, ಎಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಒಂದು ನರಪಿಳ್ಳೆಯ ಹತ್ತಿರ ಹೇಳಿದ್ದು. ಗಳಗಳ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕಾಯಿ ಅಲ್ಲಾಡಿಸುತ್ತಲೇ ಇದ್ದರು. ಆಮೇಲೆ ಎರಡು ಕಾಯಿ ತೆಗೆದು ಸೆರಗಿಗೆ ಕಟ್ಟಿಕೊಂಡರು.

"ಇದ್ಯಾಕೆ? ಇನ್ನೂ ಒಣಗಿಲ್ವಲ್ಲ" ಎಂದೆ.

"ರಾತ್ರಿ ಸಾರಿಗೆ ಬ್ಯಾಡ್ವಾ? ಮಂಡಿಗೆ ಹಾಕೋಕೆ ಒಣಗ್ಬೇಕು ಕಣವ್ವ. ಮನೆ ಖರ್ಚಿಗೆ ಹಸೀದೇ ಆಗೋದು."

ಹೇಳಿ ಅವರೇ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. ಇಬ್ಬರೂ ಆ ಎರಡು ಕಾಯಿಯನ್ನೇ ನೋಡಿದೆವು.

30 ಡಿಸೆಂಬರ್, ಭಾನುವಾರ

ಆರೂ ಜನ ಬಂದಿದ್ದರು. ಹಾಳೆ ಚೀಲದಲ್ಲೇ ಇತ್ತು, ತೆಗೆಯಲು ಮರೆತೆ.

"ನಾನು ಹೇಳಿದ್ದು ತಪ್ಪಾಯ್ತು" ಎಂದೆ. "ಒಣಗೋವರೆಗೆ ಕಾಯೋದು ಬೇಡ. ಭಯಾನ ಯಾರಿಗೂ ಮಾರಬೇಕಾಗಿಲ್ಲ. ದಿನಾ ಅಟ್ಟದಿಂದ ಹಸೀ ಕಾಯಿ ಇಳಿಸಿ ಸಾರು ಮಾಡ್ತೀರಲ್ಲ, ಹಾಗೆ ಹಸೀ ಭಯ ಇಟ್ಕೊಂಡೇ ಹೋಗೋದು. ಇದು ನಾನು ಹೇಳಿದ್ದಲ್ಲ, ಹೊಂಬಾಳಮ್ಮನವರು ಹೇಳಿದ್ದು."

ಹೊಂಬಾಳಮ್ಮ ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ನೋಟ್‌ಬುಕ್ಕು ಬಿಚ್ಚಿ, "ಹಾಗಾದ್ರೆ ಎದೆ ಡವಗುಡ್ತಾ ಇದ್ರೂ ನಡೀಬೇಕು ಅಂತೀರಿ" ಎಂದರು. ಹೌದು ಎಂದೆ. "ಏಳು ಡಾಕ್ಟ್ರು ನೋಡಿ ಏನಿಲ್ಲ ಅಂದಿದಾರಲ್ಲ ಮೇಷ್ಟ್ರೇ."

"ಡಾಕ್ಟ್ರು ಒಬ್ರೇ ಮೇಡಂ. ಏಳು ಸಲ" ಎಂದು ತಿದ್ದಿದರು.

8 ಜನವರಿ 2008, ಮಂಗಳವಾರ

ಯಮುನಾ ಮೇಡಂ ಫೋನು. ಎತ್ತಿದೆ. ಹತ್ತು ನಿಮಿಷ ಬೈದರು. ನನ್ನ ಧ್ವನಿ ಕೆರೆದುಕೊಂಡು ಬಂತು, ಅವರು ನೆಗಡಿಯಾ ಎಂದು ಕೇಳಿದರು. "ಇಲ್ಲ ಮೇಡಂ, ನಿಮ್ಮ ಜೊತೆ ಮಾತಾಡೋಕೆ ಹೆದರಿಕೆ" ಎಂದೆ. ಅವರು ಬೈಯುವುದು ಬಿಟ್ಟು ಮೆತ್ತಗೆ, "ಎರಡನೇ ಅಧ್ಯಾಯ ಕಳಿಸಮ್ಮ" ಎಂದರು. ಕಳಿಸಬೇಕು. ಕೋಷ್ಟಕಗಳು ಬಾಕಿ.

20 ಜನವರಿ, ಭಾನುವಾರ

ಮೇಷ್ಟ್ರು ಶೆಟ್ಟಿಕೆರೆಗೆ ಮದುವೆಗೆ ಹೋಗಿ ಬಂದಿದ್ದಾರೆ! ಪಂಕ್ತಿಯಲ್ಲಿ ಕೂತಾಗ ಎದೆ ಡೋಲು ಬಡಿದಹಾಗೆ ಬಡಿಯಿತಂತೆ. ಎದ್ದು ಓಡಬೇಕು ಅನ್ನಿಸಿದಾಗ ಎಲೆಗೆ ಹೋಳಿಗೆ ಬಿತ್ತಂತೆ. "ಬಡ್ಕೊಳ್ಳಲಿ ಅಂತ ಬಿಟ್ಟು ಹೋಳಿಗೆ ತಿಂದೆ ಮೇಡಂ. ಮೂರು." ಗುಂಪು ಚಪ್ಪಾಳೆ ಹೊಡೆಯಿತು.

ಹೊಂಬಾಳಮ್ಮ ಚಪ್ಪಾಳೆ ಹೊಡೆದು ಚಾಪೆಯ ಅಂಚು ಕೀಳುತ್ತ ಕೂತರು. ಅವರು ಗುರುವಾರ ತುರುವೇಕೆರೆ ಬಸ್ಸು ಹತ್ತಿದ್ದರು. ಟಿಕೆಟ್ಟು ಹರಿಯುವ ಮೊದಲೇ ಇಳಿದುಬಿಟ್ಟರಂತೆ.

10 ಫೆಬ್ರವರಿ, ಭಾನುವಾರ

ಗುಂಪು ಕಳೆದ ವಾರವೇ ಮುಗಿಯಿತು. ಇವತ್ತು ಹೊಂಬಾಳಮ್ಮನ ಎರಡನೇ ಪ್ರಯತ್ನ. ಬಸ್ಸು ಹತ್ತಿಸಿ ಕೈ ಬೀಸಿದೆ. ಜೊತೆಗೆ ಬರುತ್ತೇನೆ ಎಂದರೆ ಬೇಡ ಎಂದಿದ್ದರು. "ನೀನು ಬಂದ್ರೆ ನೀನು ಕರ್ಕೊಂಡು ಬಂದಂಗಾಯ್ತದೆ. ನನ್ನ ಮಗಳು ನನ್ನ ಕೇಳ್ತಾವಳೆ, ನಿನ್ನ ಅಲ್ಲ."

ಒಂದು ಗಂಟೆಯ ಮೇಲೆ ಬಿಸಿಲಿನಲ್ಲಿ ನಡೆದುಕೊಂಡು ವಾಪಸು ಬಂದರು. ಎರಡನೇ ಸ್ಟಾಪಿನಲ್ಲಿ ಇಳಿದಿದ್ದರು. ಕೈಯಲ್ಲಿ ಮಗಳಿಗೆಂದು ಮಾಡಿದ ಕೊಬ್ಬರಿ ಮಿಠಾಯಿ ಡಬ್ಬ ಹಾಗೇ ಇತ್ತು. ಅದನ್ನು ನನ್ನ ಕೈಗೆ ತುರುಕಿ, "ತಿನ್ನು. ನನ್ನ ಹಣೇಲಿ ಇಲ್ಲ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಹೊಟ್ಟೆ ಉರಿದುಹೋಯಿತು. ಬಾಗಿಲ ಹತ್ತಿರ ನಿಂತು, "ಡಬ್ಬ ಇಲ್ಲೇ ಇಟ್ಟು ಹೋಗ್ತಿದೀನಿ ಅಮ್ಮಾ, ನಾನು ತಿನ್ನಲ್ಲ" ಎಂದು ಕೂಗಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನನಗೂ ಅಳು ಬಂತು.

29 ಫೆಬ್ರವರಿ, ಶುಕ್ರವಾರ

ಮಾಹಿತಿ ಸಂಗ್ರಹಕ್ಕೆ ಇವತ್ತು ಕೊನೇ ದಿನ. ಆರೂ ಜನರ ಪ್ರಶ್ನಾವಳಿ ತುಂಬಿಸಿಕೊಂಡು ಬಂದೆ.

ಭಯ ಎಷ್ಟಿದೆ ಎನ್ನುವ ಕಾಲಂ ನೋಡಿದರೆ ಎದೆ ಒಡೆಯುತ್ತದೆ. ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಹೋಗಬೇಕಾದ ಕಡೆ ಹೋದಿರಾ, ಮಾಡಬೇಕಾದ್ದು ಮಾಡಿದಿರಾ ಎನ್ನುವ ಕಾಲಮ್ಮಿನಲ್ಲಿ ಮಾತ್ರ ಐದು ಜನರದು ಪೂರಾ ಬದಲಾಗಿದೆ. ಹೊಂಬಾಳಮ್ಮನದು 'ಇಲ್ಲ'. "ಬರ್ಕೋ ಮಗಾ, ಇಲ್ಲ ಅಂತ. ಸುಳ್ಳು ಬರೀಬ್ಯಾಡ" ಎಂದರು. ಹೊರಡುವಾಗ, "ನಿಂದು ಯಾವತ್ತು?" ಎಂದರು. ಮುಂದಿನ ವಾರ ಬಿಟ್ಟು ಅದರ ಮುಂದಿನ ಶುಕ್ರವಾರ, ಬೆಳಗ್ಗೆ ಹತ್ತು ಗಂಟೆಗೆ ಎಂದೆ.

ಮೇಡಂಗೆ ಫೋನಿನಲ್ಲಿ ಹೇಳಿದೆ. "ಹೊರಗಿನ ತಜ್ಞರು ಭಯದ ಕಾಲಮ್ಮನ್ನೇ ಹಿಡ್ಕೊಂಡು ಕೇಳ್ತಾರೆ ಸೌಂದರ್ಯ. ತಯಾರಿದೀಯಾ?" ಎಂದರು. ಇಲ್ಲ ಮೇಡಂ, ಬರ್ತೀನಿ ಎಂದೆ.

13 ಮಾರ್ಚ್, ಗುರುವಾರ

ಮೈಸೂರು. ಹಾಸ್ಟೆಲಿನ ಹಳೇ ಗೆಳತಿಯ ಕೋಣೆ. ಊಟ ಸೇರಲಿಲ್ಲ. ಸ್ಲೈಡು ಇಪ್ಪತ್ತೆರಡು.

14 ಮಾರ್ಚ್, ಶುಕ್ರವಾರ

ಕೂತು ಸರಿಯಾಗಿ ಬರೆಯುತ್ತೇನೆ.

ಅದೇ ಕೋಣೆ, ಅದೇ ಪರದೆ. ಹದಿನೈದು ಜನ. ಮೊದಲ ಸ್ಲೈಡು ಸರಿಹೋಯಿತು. ಎರಡನೆಯದಕ್ಕೇ ಬಂತು, ಮೂರನೆಯದಕ್ಕೂ ಕಾಯಲಿಲ್ಲ. ಗಂಟಲು ಕಟ್ಟಿತು, ಪರದೆ ಮಸುಕಾಯಿತು, ಮಂಡಿ ಕೆಳಗೆ ಕಾಲೇ ಇಲ್ಲ. ಬಾಗಿಲು ಬಲಕ್ಕೆ ನಾಲ್ಕು ಹೆಜ್ಜೆ. ಯಮುನಾ ಮೇಡಂ ಕುರ್ಚಿ ಹಿಡಿದುಕೊಂಡು ಓಡಿ ಬಂದು, "ಕೂತ್ಕೋ ಕಣಮ್ಮ. ಬೇಕಾದ್ರೆ ಇನ್ನೊಂದು ದಿನ ಇಟ್ಕೊಳ್ಳೋಣ, ನಾನು ಮಾತಾಡ್ತೀನಿ" ಎಂದು ಪಿಸುಗುಟ್ಟಿದರು. ಅಷ್ಟು ಅಕ್ಕರೆಯಿಂದ ಅವರು ಎಂದೂ ಮಾತಾಡಿಸಿದವರಲ್ಲ. ಹೂಂ ಎಂದುಬಿಡೋಣ ಅನ್ನಿಸಿತು.

"ಬೇಡ ಮೇಡಂ, ಕೂತ್ರೆ ಎದ್ದು ಹೋಗ್ತೀನಿ" ಎಂದೆ. ಆಮೇಲೆ ಎಲ್ಲರ ಕಡೆ ತಿರುಗಿ, "ನನಗೆ ಈಗ ತುಂಬಾ ಗಾಬರಿ ಆಗ್ತಿದೆ. ಹೋಗೋವರೆಗೆ ಕಾದರೆ ನಿಮಗೆ ಊಟಕ್ಕೆ ತಡ ಆಗುತ್ತೆ. ಹೀಗೇ ಮುಂದುವರಿಸ್ತೀನಿ" ಎಂದೆ. ಯಾರೋ ನಕ್ಕರು. ಮುಂದುವರಿಸಿದೆ. ಧ್ವನಿ ಹರಿದ ತಗಡಿನ ಹಾಗೆ ಇತ್ತು, ಹದಿನೇಳನೇ ಸ್ಲೈಡಿನವರೆಗೂ ಕೈ ನಡುಗುತ್ತಲೇ ಇತ್ತು. ಇಪ್ಪತ್ತೆರಡೂ ಮುಗಿಸಿದೆ.

ತಜ್ಞರು ಭಯದ ಕಾಲಮ್ಮನ್ನೇ ಹಿಡಿದರು. "ಭಯ ಇಳಿದಿಲ್ಲ ಅಂದ್ಮೇಲೆ ಚಿಕಿತ್ಸೆ ಏನು ಮಾಡ್ತು?"

"ಐದು ಜನ ಹೋಗಬೇಕಾದ ಕಡೆ ಹೋದ್ರು ಸಾರ್."

"ಆರನೆಯವರು? ಫೇಲ್ಯೂರ್ ಅಂತ ಬರ್ಕೊಳ್ಳಿ."

"ಬರ್ಕೊಳ್ಳಲ್ಲ ಸಾರ್. ಎರಡು ಸಲ ಬಸ್ಸು ಹತ್ತಿದಾರೆ. ಇನ್ನೂ ತಲುಪಿಲ್ಲ ಅಂತ ಬರ್ಕೊಂಡಿದೀನಿ."

ಧ್ವನಿ ಸ್ವಲ್ಪ ಜೋರಾಯಿತೇನೋ. ಮೇಡಂ ಹಣೆ ಹಿಡಿದುಕೊಂಡರು. ತಜ್ಞರು ಕನ್ನಡಕ ತೆಗೆದು ನನ್ನನ್ನು ನೋಡಿ, ಏನೋ ಗುರುತು ಹಾಕಿಕೊಂಡರು. ನಾಲ್ಕನೇ ಅಧ್ಯಾಯ ತಿದ್ದಬೇಕಂತೆ, ಉಳಿದದ್ದು ಸರಿಯಂತೆ. ಪ್ರಬಂಧ ಸಲ್ಲಿಸಬಹುದು.

ಸಲ್ಲಿಸಬಹುದು! ಹೊರಗಿನ ಫೋನ್ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿದೆ. ಆಮೇಲೆ ರಂಗಪ್ಪನ ಅಂಗಡಿಗೆ ಮಾಡಿ, ಹೊಂಬಾಳಮ್ಮನನ್ನು ಒಂದು ಕ್ಷಣ ಕರೆಯಿರಿ ಎಂದೆ.

"ಎಲ್ಲಿಂದ ಕರೀಲವ್ವ? ಬೆಳಗ್ಗೆ ಹತ್ತು ಗಂಟೆ ಬಸ್ಸಿಗೆ ತುರುವೇಕೆರೆಗೆ ಹೋದ್ಲು."

"ಯಾರ ಜೊತೆ?"

"ಯಾರೂ ಇಲ್ಲ. ಕೈಕಾಲು ಗಡಗಡ ನಡುಗ್ತಿದ್ವು ಕಣವ್ವ, ನೋಡೋಕಾಗ್ಲಿಲ್ಲ. ಇವತ್ತು ಬುಡು, ನಾಳೆ ಹೋಗುವಂತೆ ಅಂದೆ. ನನ್ನ ಮಕಕ್ಕೇ ಉಗಿದ್ಲು. 'ಆ ಹುಡ್ಗಿ ಈಗ ಅಲ್ಲಿ ನಡುಗ್ತಾ ನಿಂತಿರ್ತಾಳೆ, ನಾನಿಲ್ಲಿ ಕುಂತ್ಕೊಂಡು ಕಾಯಿ ಸುಲೀಲಾ?' ಅಂದ್ಲು."

"ಮಧ್ಯದಲ್ಲಿ ಇಳಿದಿರ್ತಾರೆ ರಂಗಪ್ಪ. ರಸ್ತೆ ಕಡೆ ಸ್ವಲ್ಪ ನೋಡ್ತಿರಿ, ಬಿಸಿಲಲ್ಲಿ ನಡ್ಕೊಂಡು ಬರ್ತಾರೆ."

"ಇಳಿಯೋದೆಲ್ಲಿ ಬಂತು! ಮಧ್ಯಾಹ್ನ ಅವ್ಳ ಮಗಳೇ ಇಲ್ಗೆ ಫೋನ್ ಮಾಡಿದ್ಲಲ್ಲ, ಎಮ್ಮೆಗೆ ನೀರು ತೋರ್ಸಿ, ಅವ್ವ ಎಂಟು ದಿವ್ಸ ಬರಲ್ಲ ಅಂತ. ಅಳ್ತಿದ್ಲೋ ನಗ್ತಿದ್ಲೋ, ಒಂದೂ ಸರಿಯಾಗಿ ಕೇಳಿಸ್ಲಿಲ್ಲ."

ಬೂತಿನಲ್ಲೇ ನಿಂತು ಅತ್ತೆ. ಹೊರಗೆ ಕ್ಯೂನಲ್ಲಿದ್ದವರು ನೋಡಿದರು. ನೋಡಲಿ.

ಮಾಹಿತಿ ಸಂಗ್ರಹ ಫೆಬ್ರವರಿ 29ಕ್ಕೇ ಮುಗಿದಿದೆ. ಆದ್ದರಿಂದ ಹೊಂಬಾಳಮ್ಮ ತುರುವೇಕೆರೆ ತಲುಪಿದ್ದು ನನ್ನ ಪ್ರಬಂಧದ ಯಾವ ಕೋಷ್ಟಕಕ್ಕೂ ಸೇರುವುದಿಲ್ಲ. ಸೇರದಿದ್ದರೆ ಕತ್ತೆ ಬಾಲ.